ಮೇಲ್ಮನೆ, ಕೆಳಮನೆ, ನಡುವೆ ನೀರು

ಕೆ.ಆರ್. ಪುರದ ಕಡೆಯ ಮೂರಂತಸ್ತಿನ ಸಣ್ಣ ಅಪಾರ್ಟ್‌ಮೆಂಟು. ಎರಡನೇ ಮಹಡಿಯಾಕೆ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕಿರುವವಳು. ಮೊದಲ ಮಹಡಿಯವರು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ತಲೆಗೂದಲು ಹಣ್ಣಾದದ್ದು ಮೇಯೋ ಹಾಲ್ ಕೋರ್ಟಿನಲ್ಲಿ, ವಕೀಲರೊಬ್ಬರ ಗುಮಾಸ್ತರಾಗಿ. ಭಾನುವಾರ ಬೆಳಗಿನ ಜಾವ ಮೇಲಿನ ಅಡುಗೆಮನೆಯ ನೀರಿನ ಫಿಲ್ಟರ್ ಒಡೆದು ಎರಡೂ ಮನೆ ತೊಯ್ದಿವೆ.

ಕೆಳಮನೆ: ಬಾಮ್ಮಾ. ಚಪ್ಪಲಿ ಬಿಡಬೇಡ, ನೆಲ ಇನ್ನೂ ಜಾರುತ್ತೆ. ಆ ಪ್ಲಾಸ್ಟಿಕ್ ಕುರ್ಚಿ ಎಳ್ಕೋ. ಸೋಫಾ ಮೇಲೆ ಕೂತರೆ ಎದ್ದ ಮೇಲೆ ಬಟ್ಟೆ ಹಿಂಡಬೇಕಾಗುತ್ತೆ.

ಮೇಲ್ಮನೆ: ಏನು ಹೇಳಬೇಕೋ ಗೊತ್ತಾಗ್ತಿಲ್ಲ ಅಂಕಲ್. ಇಡೀ ಫಾಲ್ಸ್ ಸೀಲಿಂಗ್ ಮಂಚದ ಮೇಲೆ ಬಿದ್ದಿದೆ. ನೀವು ಅಲ್ಲಿ ಮಲಗಿದ್ದಿದ್ರೆ... ಇದರ ಖರ್ಚು ಪೂರ್ತಿ ನಾನೇ ಕೊಡ್ತೀನಿ.

ಕೆಳಮನೆ: ಕೊಡೋ ಮಾತು ಆಮೇಲೆ. ಒಡೆದದ್ದು ಯಾವುದು, ಅದನ್ನ ಹೇಳು.

ಮೇಲ್ಮನೆ: ಆರ್‌ಓಗೆ ಮುಂಚೆ ಗೋಡೆಗೆ ಒಂದು ಬೌಲ್ ಹಾಕಿರ್ತಾರಲ್ಲ, ಮಣ್ಣು ಹಿಡಿಯೋ ಪ್ರೀ-ಫಿಲ್ಟರ್, ಅದು. ಕುತ್ತಿಗೆ ಹತ್ತಿರ ಸುತ್ತಲೂ ಸೀಳಿದೆ. ಕಂಪನಿಗೆ ಫೋನ್ ಮಾಡಿದೆ. ಚೆನ್ನಾಗಿಯೇ ಮಾತಾಡಿದ್ರು. ಸಂಜೆ ಟೆಕ್ನಿಶಿಯನ್ ಬಂದು ಹೊಸ ಬೌಲ್ ದುಡ್ಡಿಲ್ಲದೆ ಹಾಕಿಕೊಟ್ಟು ಹಳೇದನ್ನ ತಗೊಂಡು ಹೋಗ್ತಾನಂತೆ.

ಕೆಳಮನೆ: ಹಳೇದನ್ನ ತಗೊಂಡು ಹೋಗ್ತಾನಾ! ಅದು ಈಗ ಎಲ್ಲಿದೆ?

ಮೇಲ್ಮನೆ: ಸಿಂಕ್ ಪಕ್ಕ ಬಿದ್ದಿದೆ. ಕಸದ ಬುಟ್ಟಿಗೆ ಹಾಕೋಣ ಅಂತಿದ್ದೆ.

ಕೆಳಮನೆ: ಮೊದಲು ಮೇಲೆ ಹೋಗಿ ಅದನ್ನ ಒಂದು ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡು. ತೊಳೀಬೇಡ. ಒಡೆದ ಎರಡು ತುಂಡನ್ನ ಜೋಡಿಸಿ ನೋಡೋಕೂ ಹೋಗಬೇಡ. ಸೀಳಿದ ಅಂಚು ಒಂದಕ್ಕೊಂದು ಉಜ್ಜಿದರೆ ಅದು ಹೇಗೆ ಸೀಳಿತು ಅನ್ನೋ ಗುರುತೇ ಅಳಿಸಿಹೋಗುತ್ತೆ. ರಬ್ಬರ್ ವಾಷರು, ಒಳಗಿನ ಕ್ಯಾಂಡಲ್ಲು, ಎಲ್ಲಾ ಇರಲಿ. ಹೋಗಿ ಬಾ, ನಾನೆಲ್ಲೂ ಹೋಗಲ್ಲ.

ಮೇಲ್ಮನೆ: ಇಟ್ಟು ಬಂದೆ. ಆದರೆ ಮುನ್ನೂರು ನಾನೂರು ರೂಪಾಯಿ ಪ್ಲಾಸ್ಟಿಕ್ ಬೌಲ್ ಅದು ಅಂಕಲ್.

ಕೆಳಮನೆ: ಈ ಎರಡು ಮನೆಯಲ್ಲಿ ಈಗ ಅದಕ್ಕಿಂತ ಬೆಲೆಯ ವಸ್ತು ಇನ್ನೊಂದಿಲ್ಲ. ನಾನು ಕಂಡ ದಾವೆಗಳಲ್ಲಿ ಕಾನೂನು ತಮ್ಮ ಕಡೆ ಇಲ್ಲದೆ ಸೋತವರಿಗಿಂತ ಕೈಯಲ್ಲಿ ಏನೂ ಇಲ್ಲದೆ ಸೋತವರೇ ಹೆಚ್ಚು. ಅದರಲ್ಲೂ ನೀರಿನ ತಕರಾರು ಬಲು ಕಷ್ಟ. ಬೆಂಕಿ ಬಿದ್ದರೆ ಗೋಡೆ ಮೇಲೆ ಮಸಿಯಾದರೂ ಉಳಿಯುತ್ತೆ. ನೀರು ವಾರದಲ್ಲಿ ಆರಿಹೋಗುತ್ತೆ, ಆಮೇಲೆ ಉಳಿಯೋದು ಉಬ್ಬಿದ ಪ್ಲೈವುಡ್ ಮಾತ್ರ. ಅದು ಹೋದ ಮಳೆಗಾಲದಲ್ಲೇ ಉಬ್ಬಿತ್ತು ಅಂತ ಎದುರು ಪಾರ್ಟಿ ಬರೆದು ಕೊಡ್ತಾರೆ. ಅದಕ್ಕೆ ಉತ್ತರ ಹೇಳೋಕೆ ನಿನ್ನ ಹತ್ತಿರ ಇರೋದು ಆ ಬೌಲು. ಅದೂ ಹುಡುಗನ ಬ್ಯಾಗಿನಲ್ಲಿ ಹೋಗಿ ಶಿವಾಜಿನಗರದ ಗುಜರಿ ಸೇರಿದರೆ, ಏನು ಒಡೆಯಿತು, ಒಡೆದದ್ದು ನಿಜವೇ ಅನ್ನೋದಕ್ಕೂ ನಿನ್ನ ಬಾಯಿಮಾತು ಬಿಟ್ಟು ಬೇರೇನೂ ಇರಲ್ಲ.

ಮೇಲ್ಮನೆ: ಕಂಪನಿಯವರೇ ಕೇಳಿದರೆ ಕೊಡಬೇಕಾಗುತ್ತಲ್ಲ? ಪರೀಕ್ಷೆ ಮಾಡಿಸಬೇಕು ಅಂದ್ರೆ?

ಕೆಳಮನೆ: ಫೋಟೋ ತೆಗೀಲಿ, ಅಳತೆ ತಗೊಳ್ಳಲಿ, ನಿನ್ನೆದುರಿಗೆ ನೂರು ಸಲ ತಿರುಗಿಸಿ ನೋಡಲಿ. ವಸ್ತು ನಿನ್ನದು, ದುಡ್ಡು ಕೊಟ್ಟು ಕೊಂಡಿದ್ದೀಯ. ದೋಷ ಇದೆಯೋ ಇಲ್ಲವೋ ಅಂತ ಪರೀಕ್ಷೆ ಬೇಕಾದರೆ ಅದಕ್ಕೂ ಗ್ರಾಹಕ ಕಾಯ್ದೆಯಲ್ಲಿ ದಾರಿ ಇದೆ. ಗ್ರಾಹಕ ಆಯೋಗವೇ ಮಾದರಿಯನ್ನ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತೆ, 45 ದಿನದಲ್ಲಿ ವರದಿ ಕೊಡಿ ಅನ್ನುತ್ತೆ. ಶುಲ್ಕ ಮೊದಲು ನೀನು ಕಟ್ಟಬೇಕು. ಇನ್ನೊಂದು ವಿಷಯ. ಸಂಜೆ ಆ ಹುಡುಗ ಹೊಸ ಬೌಲ್ ಹಾಕಿ ಹೊರಡುವಾಗ ಏನು ಕೇಳ್ತಾನೆ ಹೇಳು?

ಮೇಲ್ಮನೆ: ಓಟಿಪಿ.

ಕೆಳಮನೆ: ಹ್ಞಾಂ. ನಮ್ಮ ಕಾಲದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ತಿದ್ದರು, ಈಗ ನಾಲ್ಕು ಅಂಕಿ. ನೀನು ಅದನ್ನ ಹೇಳಿದ ಕೂಡಲೇ ಕಂಪ್ಯೂಟರಿನಲ್ಲಿ ದೂರು ಬಗೆಹರಿದಿದೆ ಅಂತ ದಾಖಲಾಗುತ್ತೆ. ನಾಳೆ ಆ ದಾಖಲೆಯನ್ನೇ ನಿನ್ನ ವಿರುದ್ಧ ಹಾಜರು ಮಾಡ್ತಾರೆ.

ಮೇಲ್ಮನೆ: ಕೊಡದಿದ್ರೆ ಆ ಹುಡುಗನಿಗೆ ಇವತ್ತಿನ ಕೆಲಸ ಲೆಕ್ಕಕ್ಕೇ ಬರಲ್ಲ. ಒಂದೊಂದು ಕರೆಗೆ ಇಷ್ಟು ಅಂತ ಅವರಿಗೆ ದುಡ್ಡು. ಹೋದ ವಾರ ಫಿಲ್ಟರ್ ಬದಲಾಯಿಸೋಕೆ ಬಂದವನೂ ಅದನ್ನೇ ಹೇಳ್ತಿದ್ದ.

ಕೆಳಮನೆ: ಅವನ ಹೊಟ್ಟೆ ಮೇಲೆ ಹೊಡಿ ಅಂತ ನಾನು ಹೇಳ್ತಿಲ್ಲ. ಮೊದಲು ಕಂಪನಿಗೆ ಇಮೇಲ್ ಕಳಿಸು: ಬೌಲ್ ಬದಲಾವಣೆ ಒಂದು ವಿಷಯ, ಮನೆಗಾದ ನಷ್ಟ ಇನ್ನೊಂದು ವಿಷಯ, ಎರಡನೆಯದು ಬಗೆಹರಿದಿಲ್ಲ ಅಂತ. ಆಮೇಲೆ ಜಾಬ್ ಶೀಟಿನಲ್ಲಿ ಅವನ ಕೈಯಲ್ಲೇ ಬರೆಸು: ಬೌಲಿನ ಕುತ್ತಿಗೆ ಸೀಳಿದೆ, ಅಡುಗೆಮನೆಗೂ ಕೆಳಮನೆಗೂ ನೀರು ಹೋಗಿರೋದನ್ನ ನೋಡಿದೆ, ಹಳೇ ಬೌಲ್ ಗ್ರಾಹಕರ ಬಳಿಯೇ ಇದೆ. ಅದರ ಫೋಟೋ ತಗೊಂಡ ಮೇಲೆ ಓಟಿಪಿ ಹೇಳು. ಇರು ಇರು, ಹೋದ ವಾರ ಫಿಲ್ಟರ್ ಬದಲಾಯಿಸಿದ್ರಾ?

ಮೇಲ್ಮನೆ: ಹೂಂ, ಎಎಂಸಿ ಇದೆಯಲ್ಲ, ವರ್ಷದ ಸರ್ವಿಸ್ ಕರಾರು. ದೊಡ್ಡ ಸ್ಪ್ಯಾನರ್ ಹಾಕಿ ಗಟ್ಟಿಯಾಗಿ ತಿರುವಿದ. ಲೀಕ್ ಆಗಬಾರದು ಅಂತ ಇನ್ನೊಂದು ಸುತ್ತು ಅಂದ.

ಕೆಳಮನೆ: ಆ ಸರ್ವಿಸಿನ ಜಾಬ್ ಶೀಟು?

ಮೇಲ್ಮನೆ: ಎಸ್‌ಎಂಎಸ್ ಇದೆ, ತಾರೀಖು ಇದೆ.

ಕೆಳಮನೆ: ಅಳಿಸಬೇಡ. ಅದು ಇನ್ನೊಂದು ಬಾಗಿಲು. ಅದಕ್ಕೆ ಆಮೇಲೆ ಬರೋಣ.

ಮೇಲ್ಮನೆ: ನನಗಿರೋ ಭಯ ಬೇರೆ ಅಂಕಲ್. ಕಂಪನಿ ವಿಷಯ ಇರಲಿ, ನೀವೇ ನನ್ನ ಮೇಲೆ ಕೇಸು ಹಾಕಬಹುದಲ್ವಾ? ನೀರು ಬಂದದ್ದು ನನ್ನ ಮನೆಯಿಂದ.

ಕೆಳಮನೆ: ಹಾಕಬಹುದು. ಗೆಲ್ಲೋದು ಬೇರೆ ಮಾತು. ನಮ್ಮ ಸಾಹೇಬರು ನನ್ನ ಕೈಯಲ್ಲಿ ಎಷ್ಟು ಸಲ ಇಂಥ ತಕರಾರಿನ ತೀರ್ಪುಗಳನ್ನ ಟೈಪ್ ಮಾಡಿಸಿದ್ದಾರೋ! ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ರೈಲ್ಯಾಂಡ್ಸ್ ಅಂತ ಒಬ್ಬ ಮಿಲ್ ಮಾಲೀಕ ನೀರಿನ ಹೊಂಡ ಕಟ್ಟಿಸಿದ. ನೀರು ಕೆಳಗಿನ ಹಳೇ ಸುರಂಗಗಳಲ್ಲಿ ಇಳಿದು ಫ್ಲೆಚರ್ ಅನ್ನೋನ ಕಲ್ಲಿದ್ದಲ ಗಣಿ ಮುಳುಗಿಸಿತು. 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳ್ತು: ಹೊರಗೆ ಹರಿದರೆ ಹಾನಿ ಮಾಡೋ ವಸ್ತುವನ್ನ ನಿನ್ನ ಜಾಗದಲ್ಲಿ ತಂದಿಟ್ಟುಕೊಂಡರೆ, ನಿನ್ನ ತಪ್ಪು ಇರಲಿ ಬಿಡಲಿ, ನಷ್ಟ ನೀನೇ ಕೊಡಬೇಕು.

ಮೇಲ್ಮನೆ: ಮುಗೀತು ಬಿಡಿ ನನ್ನ ಕಥೆ.

ಕೆಳಮನೆ: ಮುಗಿಯಲಿಲ್ಲ. ಆರೇ ವರ್ಷದಲ್ಲಿ ಅದೇ ಪ್ರಶ್ನೆ ನಮ್ಮ ಪಕ್ಕದಲ್ಲೇ ಎದ್ದಿತು. ಚಿತ್ತೂರಿನ ಕಡೆ ಕಾರ್ವೇಟಿನಗರದ ಜಮೀನ್ದಾರರ ಕೆರೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಸೇತುವೆಗಳಿಗೆ ಹಾನಿಯಾಯಿತು. ಕಂಪನಿಯವರು ರೈಲ್ಯಾಂಡ್ಸ್ ತೀರ್ಪು ಹಿಡಿದುಕೊಂಡು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದರು. 1874ರಲ್ಲಿ ಅಲ್ಲಿಯವರು ಏನಂದರು ಗೊತ್ತಾ? ಈ ದೇಶದಲ್ಲಿ ಕೆರೆ ಅನ್ನೋದು ಒಬ್ಬನ ಶೋಕಿಗೆ ಕಟ್ಟಿಸಿಕೊಂಡ ಹೊಂಡ ಅಲ್ಲ, ತಲತಲಾಂತರದಿಂದ ಜನಕ್ಕೆ ಅನ್ನ ಕೊಡುವ ವ್ಯವಸ್ಥೆ; ಅದನ್ನ ಕಾಪಾಡೋದು ಜಮೀನ್ದಾರನ ಕರ್ತವ್ಯ; ಅವನು ಅಜಾಗರೂಕನಾಗಿದ್ದ ಅಂತ ತೋರಿಸದೆ ಅವನ ಮೇಲೆ ಹೊಣೆ ಹೊರಿಸೋಕಾಗಲ್ಲ. ಬಿಳೀ ದೊರೆಗಳ ಕೋರ್ಟು ಬಿಳೀ ದೊರೆಗಳ ರೈಲಿಗೆ ಎದುರಾಗಿ ನಮ್ಮ ಕೆರೆ ಪರ ಹೇಳಿದ್ದು. ಸಾಹೇಬರಿಗೆ ಆ ತೀರ್ಪಂದರೆ ಪಂಚಪ್ರಾಣ.

ಮೇಲ್ಮನೆ: ಆದರೆ ನನ್ನ ಆರ್‌ಓ ಕೆರೆ ಅಲ್ಲವಲ್ಲ.

ಕೆಳಮನೆ: ಅದಕ್ಕೂ ತೀರ್ಪಿದೆ. ಮೆಲ್ಬರ್ನಿನಲ್ಲಿ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಯಾರೋ ಕಿಡಿಗೇಡಿ ಬೇಸಿನ್ನಿನ ಬಾಯಿ ಮುಚ್ಚಿ ನಲ್ಲಿ ಪೂರ್ತಿ ತಿರುವಿಟ್ಟು ಹೋದ. ಎರಡನೇ ಮಹಡಿಯಲ್ಲಿದ್ದವನ ಸರಕೆಲ್ಲ ನೆನೆದು ಹಾಳಾಯಿತು. ರಿಕರ್ಡ್ಸ್ ಮತ್ತು ಲೋಥಿಯನ್ ಕೇಸು, 1913. ಮನೆಗೆ, ಕಟ್ಟಡಕ್ಕೆ ನಲ್ಲಿ ನೀರು ಹಾಯಿಸಿಕೊಳ್ಳೋದು ಎಲ್ಲರೂ ಮಾಡುವ ಮಾಮೂಲಿ ಕೆಲಸ, ಅದಕ್ಕೆ ರೈಲ್ಯಾಂಡ್ಸ್ ನಿಯಮ ತಗುಲಲ್ಲ ಅಂತ ಪ್ರಿವಿ ಕೌನ್ಸಿಲ್ ಹೇಳ್ತು. ಹಾಗಾಗಿ ನಿನ್ನಿಂದ ದುಡ್ಡು ವಸೂಲಿ ಮಾಡಬೇಕು ಅಂದ್ರೆ ನೀನು ಎಚ್ಚರ ತಪ್ಪಿದ್ದೆ ಅಂತ ನಾನು ರುಜುವಾತು ಮಾಡಬೇಕು. ಒಡೆದಾಗ ನೀನು ಎಲ್ಲಿದ್ದೆ?

ಮೇಲ್ಮನೆ: ಮಲಗಿದ್ದೆ. ನೀವು ಬಾಗಿಲು ಬಡಿದ ಮೇಲೇ ಗೊತ್ತಾದದ್ದು.

ಕೆಳಮನೆ: ಊರಿಗೆ ಹೋಗಿರಲಿಲ್ಲ. ಕೈಪಿಡಿಯಲ್ಲಿ ಏನು ಬರೆದಿದ್ದಾರೆ ನೋಡಿದ್ಯಾ?

ಮೇಲ್ಮನೆ: ಈಗ ನೋಡಿದೆ. ಬಹಳ ದಿನ ಮನೆಯಲ್ಲಿ ಇಲ್ಲದಿದ್ದರೆ ಒಳಬರುವ ನೀರಿನ ವಾಲ್ವ್ ಮುಚ್ಚಿ ಅಂತಿದೆ. ರಾತ್ರಿ ಮಲಗುವಾಗ ಮುಚ್ಚಿ ಅಂತ ಎಲ್ಲೂ ಇಲ್ಲ.

ಕೆಳಮನೆ: ಮತ್ತೆ ನಿನ್ನ ತಪ್ಪು ಎಲ್ಲಿ ಬಂತು? ನಾನು ದಾವೆ ಹಾಕಿದರೆ ವಕೀಲರ ಫೀಸೂ ಹೋಗುತ್ತೆ, ಮೆಟ್ಟಿಲಲ್ಲಿ ಸಿಕ್ಕಾಗ ಆಡೋ ನಾಲ್ಕು ಮಾತೂ ಹೋಗುತ್ತೆ.

ಮೇಲ್ಮನೆ: ಹಾಗಾದ್ರೆ ನೀವು ನೇರವಾಗಿ ಕಂಪನಿ ಮೇಲೇ ಹೋಗಿ.

ಕೆಳಮನೆ: ಅಲ್ಲೇ ಇರೋದು ಗಂಟು. ಗ್ರಾಹಕ ಅಂದ್ರೆ ಕೊಂಡವನು, ಇಲ್ಲ ಕೊಂಡವರ ಒಪ್ಪಿಗೆಯಿಂದ ಬಳಸುವವನು. ನಾನು ನಿನ್ನ ಆರ್‌ಓ ನೀರು ಕುಡಿದವನಲ್ಲ, ಅದರ ಕೆಳಗೆ ಮಲಗಿದವನು. ಆಯೋಗದಲ್ಲಿ ನನ್ನನ್ನ ಬಾಗಿಲಲ್ಲೇ ತಡೀಬಹುದು. ಸಿವಿಲ್ ಕೋರ್ಟಿಗೆ ಹೋಗಬಹುದು. ಅಲ್ಲಿಯ ವಾಯಿದೆ ಲೆಕ್ಕ ನಾನು ಮೇಯೋ ಹಾಲಿನಲ್ಲಿ ಕಣ್ಣಾರೆ ಕಂಡಿದ್ದೀನಿ, ನನ್ನ ವಯಸ್ಸಿಗೆ ಅದು ಹೊಂದಲ್ಲ. ಗ್ರಾಹಕಿ ನೀನು. ನಮ್ಮಿಬ್ಬರ ನಷ್ಟವೂ ನಿನ್ನ ಕೈಯಿಂದಲೇ ಮೇಲೆ ಹೋಗಬೇಕು.

ಮೇಲ್ಮನೆ: ನಿಮ್ಮ ಸೀಲಿಂಗಿನ ದುಡ್ಡನ್ನ ನಾನು ಕೇಳೋದು ಹೇಗೆ?

ಕೆಳಮನೆ: ನಾನು ನಿನಗೆ ಪತ್ರ ಬರೀತೀನಿ: ನಿಮ್ಮ ಫಿಲ್ಟರಿನಿಂದ ನನಗೆ ಇಷ್ಟು ನಷ್ಟ, ಕೊಡಿ. ನೀನು ಚೆಕ್ಕಿನಲ್ಲಿ ಕೊಡ್ತೀಯ, ರಸೀದಿ ತಗೊಳ್ತೀಯ. ಅದು ನಿನ್ನ ನಷ್ಟದ ಪಟ್ಟಿಯಲ್ಲಿ ಒಂದು ಸಾಲು. ಆಯೋಗ ಅದನ್ನ ಒಪ್ಪೇ ಒಪ್ಪುತ್ತೆ ಅಂತ ನಾನು ಆಣೆ ಇಡಲ್ಲ. ನೆರೆಯವರ ಮೇಲಿನ ಪ್ರೀತಿಗೆ ಕೊಟ್ಟದ್ದು ಅಂತ ಎದುರಿನವರು ವಾದ ಮಾಡ್ತಾರೆ. ಆದರೂ ಕಾಗದ ಇರಬೇಕು. ಈಗ ಆ ಕಾಯ್ದೆ ತೆಗಿ ಫೋನಿನಲ್ಲಿ, 2019ರದ್ದು.

ಮೇಲ್ಮನೆ: ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿ.

ಕೆಳಮನೆ: 1986ರ ಹಳೇ ಕಾಯ್ದೆಯಲ್ಲಿ ಇಲ್ಲದ ಒಂದು ಅಧ್ಯಾಯ ಅದರಲ್ಲಿದೆ, ಆರನೆಯದು, 82ರಿಂದ 87ನೇ ಕಲಮಿನವರೆಗೆ. ಉತ್ಪನ್ನದ ಹೊಣೆಗಾರಿಕೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಹೇಳಿದ ಅಳತೆಗೆ ತಕ್ಕಂತೆ ಮಾಡದೇ ಇರೋದು, ಕೊಟ್ಟ ವಾರಂಟಿ ಮಾತಿಗೆ ತಪ್ಪೋದು, ಅಪಾಯ ತಪ್ಪಿಸೋಕೆ ಬೇಕಾದಷ್ಟು ಸೂಚನೆ ಎಚ್ಚರಿಕೆ ಕೊಡದೇ ಇರೋದು. ಇದರಲ್ಲಿ ಒಂದು ರುಜುವಾದರೂ ತಯಾರಕ ಕೊಡಬೇಕು. 85ನೇ ಕಲಮು ಸರ್ವಿಸ್ ಮಾಡಿದವರಿಗೆ. ನಿನ್ನ ಸ್ಪ್ಯಾನರ್ ಹುಡುಗ ಬರೋದು ಅಲ್ಲಿ.

ಮೇಲ್ಮನೆ: ಆರ್‌ಓ ಕೊಂಡದ್ದು ಇಂದಿರಾನಗರದ ಸಿಎಂಎಚ್ ರಸ್ತೆ ಅಂಗಡಿಯಲ್ಲಿ. ಅವರನ್ನೂ ಸೇರಿಸಬೇಕಾ?

ಕೆಳಮನೆ: ಬಿಲ್ಲು ನೋಡು. ಪ್ರೀ-ಫಿಲ್ಟರ್ ಆ ಬಿಲ್ಲಿನಲ್ಲಿ ಇದೆಯಾ, ಇಲ್ಲಾ ಫಿಟ್ಟಿಂಗಿಗೆ ಬಂದವನು ತನ್ನ ಚೀಲದಿಂದ ತೆಗೆದು ಕೈಗೆ ದುಡ್ಡು ಇಸ್ಕೊಂಡನಾ? ಬಹಳ ಮನೆಗಳಲ್ಲಿ ಹಾಗೇ ಆಗೋದು. ಆಗ ಕಂಪನಿಯವರು ಅದು ನಮ್ಮ ಸಾಮಾನೇ ಅಲ್ಲ ಅಂತ ಕೈ ತೊಳೆದುಕೊಳ್ತಾರೆ.

ಮೇಲ್ಮನೆ: ಬಿಲ್ಲಿನಲ್ಲೇ ಇದೆ. ಪ್ರೀ-ಫಿಲ್ಟರ್ ಕಿಟ್ ಅಂತ ಬೇರೆ ಸಾಲು. ಆದರೆ ಬೌಲಿನ ಮೇಲೆ ಯಾರ ಹೆಸರೂ ಇಲ್ಲ.

ಕೆಳಮನೆ: ಹಾಗಾದರೆ ಅಂಗಡಿಯವರನ್ನೂ ಎದುರುದಾರರಾಗಿ ಸೇರಿಸು. ಮಾಡಿದವನು ಯಾರು ಅಂತ ಗೊತ್ತಾಗದಿದ್ದರೆ ಮಾರಿದವನು ಹೊಣೆ ಅಂತ 86ನೇ ಕಲಮು ಹೇಳುತ್ತೆ. ಹೆಸರಿಲ್ಲದ ಸಾಮಾನು ಮಾರೋನು ಆ ಅಪಾಯ ತಲೆ ಮೇಲೆ ಹೊತ್ತುಕೊಂಡೇ ಮಾರೋದು.

ಮೇಲ್ಮನೆ: ಅಂಕಲ್, ಇಲ್ಲಿ ನೋಡಿ, 'ಹಾನಿ' ಅಂದ್ರೇನು ಅಂತ ಕೊಟ್ಟಿದ್ದಾರೆ, 2(22). ಆ ಉತ್ಪನ್ನವನ್ನ ಬಿಟ್ಟು ಬೇರೆ ಆಸ್ತಿಗೆ ಆದ ನಷ್ಟ, ಅದರಿಂದಾದ ಮನೋವೇದನೆ... ಆದರೆ ಕೆಳಗಡೆ, ವಾರಂಟಿ ಷರತ್ತು ಮುರಿದದ್ದರಿಂದ ಆಸ್ತಿಗೆ ಆದ ನಷ್ಟ ಸೇರಲ್ಲ, ವಾಣಿಜ್ಯ ಅಥವಾ ಆರ್ಥಿಕ ನಷ್ಟ ಸೇರಲ್ಲ ಅಂತಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗಿದೆ.

ಕೆಳಮನೆ: ಅದಕ್ಕೇ ಆ ಎಸ್‌ಎಂಎಸ್ ಇಟ್ಟುಕೋ ಅಂದದ್ದು. ಬರೀ ಆರನೇ ಅಧ್ಯಾಯ ನಂಬಿ ದೂರು ಬರೆದರೆ ಈ ಸಾಲು ಎತ್ತಿಕೊಂಡು ಬರ್ತಾರೆ, ನನ್ನ ಸೀಲಿಂಗಿನ ದುಡ್ಡು ಆರ್ಥಿಕ ನಷ್ಟ ಅಂತಾರೆ. ಅದೇ ದೂರಿನಲ್ಲಿ ಸೇವಾ ನ್ಯೂನತೆ ಅಂತಲೂ ಹೇಳಬೇಕು. ಎಎಂಸಿಗೆ ದುಡ್ಡು ತಗೊಂಡು ಬಂದ ಟೆಕ್ನಿಶಿಯನ್ ಅಗತ್ಯಕ್ಕಿಂತ ಬಿಗಿ ಮಾಡಿದ, ವಾರದಲ್ಲಿ ಕುತ್ತಿಗೆ ಸೀಳಿತು. ಎದುರುದಾರರ ನಿರ್ಲಕ್ಷ್ಯದಿಂದ ಗ್ರಾಹಕರಿಗೆ ಆದ ಯಾವುದೇ ನಷ್ಟಕ್ಕೆ ಪರಿಹಾರ ಕೊಡಿಸಬಹುದು ಅಂತ 39ನೇ ಕಲಮಿನಲ್ಲಿ ಬೇರೆಯೇ ಉಪಖಂಡ ಇದೆ. ಅಲ್ಲಿ ಈ 'ಸೇರಲ್ಲ' ಅನ್ನೋ ಬಾಲ ಇಲ್ಲ. ಎರಡು ಬಾಗಿಲು ಇರುವಾಗ ಒಂದನ್ನೇ ತಟ್ಟಬಾರದು.

ಮೇಲ್ಮನೆ: ಅವರು ಬಿಡ್ತಾರಾ? ಫೋನಿನಲ್ಲೇ ಆಗಲೇ ಶುರು ಮಾಡಿದ್ರು, ನಿಮ್ಮ ಏರಿಯಾ ನೀರು ಗಡುಸು ಮೇಡಂ ಅಂತ.

ಕೆಳಮನೆ: ಗಡುಸು ಹೌದು. ಬೋರ್‌ವೆಲ್ಲು, ಅದು ಸಾಲದಾದಾಗ ಟ್ಯಾಂಕರು. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲ ಅಂದ್ರೆ 600ರವರೆಗೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ನಗರಕ್ಕೆ ಸೇರಿದ 110 ಹಳ್ಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಅಂದರು; ನಮ್ಮ ಅಸೋಸಿಯೇಷನ್ನಿನವರು ಸಂಪರ್ಕ ತಗೊಳ್ಳೋ ವಿಚಾರವಾಗಿ ಇನ್ನೂ ಮೀಟಿಂಗೇ ಮಾಡ್ತಿದ್ದಾರೆ. ಅದಿರಲಿ. ಗಡುಸು ನೀರು ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟಿಸುತ್ತೆ, ಮೆಂಬ್ರೇನ್ ಮುಚ್ಚಿಸುತ್ತೆ. ಪ್ಲಾಸ್ಟಿಕ್ ಬೌಲಿನ ಕುತ್ತಿಗೆ ಸೀಳಿಸಲ್ಲ. ಅಲ್ಲದೆ ನೀರು ಕೆಟ್ಟದಾಗಿದೆ ಅಂತಲೇ ತಾನೇ ಈ ಯಂತ್ರ ಮಾರೋದು?

ಮೇಲ್ಮನೆ: ಒತ್ತಡ ಜಾಸ್ತಿ ಇರಬಹುದು ಅಂದ್ರು ಆಮೇಲೆ.

ಕೆಳಮನೆ: ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ. ನಮ್ಮ ತಾರಸಿ ಟ್ಯಾಂಕಿಗೂ ನಿನ್ನ ಅಡುಗೆಮನೆ ನಲ್ಲಿಗೂ ಆರು ಮೀಟರ್ ಇದ್ದರೆ ಹೆಚ್ಚು. ಅರ್ಧ ಕೆ.ಜಿ. ಚಿಲ್ಲರೆ. ಬಿಲ್ಡಿಂಗಿಗೆ ಪ್ರೆಷರ್ ಪಂಪ್ ಹಾಕಿಲ್ಲ. ಕೈಪಿಡಿಯಲ್ಲಿ ಎಷ್ಟರವರೆಗೆ ತಡೆಯುತ್ತೆ ಅಂತ ಬರೆದಿದ್ದಾರೋ ಅದರ ಪಕ್ಕ ಈ ಲೆಕ್ಕ ಬರೆ. ಪ್ಲಂಬರ್ ಕರೆಸಿ ಗೇಜ್ ಹಾಕಿಸಿ ಒಂದು ಚೀಟಿ ತಗೋ. ಪಂಪ್ ಇರೋ ಕಟ್ಟಡದಲ್ಲಿ ಈ ವಾದ ಇಷ್ಟು ಸುಲಭವಾಗಿ ಬೀಳ್ತಿರಲಿಲ್ಲ.

ಮೇಲ್ಮನೆ: ಎಎಂಸಿ ಕಾಗದದ ಹಿಂದೆ ಸಣ್ಣಕ್ಷರದಲ್ಲಿ, ಪರೋಕ್ಷ ನಷ್ಟಕ್ಕೆ ಹೊಣೆಯಲ್ಲ, ಏನಿದ್ದರೂ ಎಎಂಸಿ ಮೊತ್ತಕ್ಕೆ ಸೀಮಿತ ಅಂತಿದೆ.

ಕೆಳಮನೆ: ಇದ್ದೇ ಇರುತ್ತೆ. ಆ ಷರತ್ತೇ ಅನ್ಯಾಯ, ರದ್ದು ಮಾಡಿ ಅಂತ ಕೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಇಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಅಷ್ಟು ದೂರ ಬೇಡ. ದುಡ್ಡು ಕಟ್ಟುವಾಗ ಆ ಷರತ್ತನ್ನ ಯಾರಾದರೂ ತೋರಿಸಿದರಾ, ನಿನ್ನ ಸಹಿ ಇದೆಯಾ?

ಮೇಲ್ಮನೆ: ಫೋನಿನಲ್ಲಿ ದುಡ್ಡು ಕಟ್ಟಿದೆ. ಕಾಗದ ಹದಿನೈದು ದಿನ ಬಿಟ್ಟು ಬಂತು.

ಕೆಳಮನೆ: ಅದನ್ನೇ ಬರೆ. ಈಗ ಮೊತ್ತಕ್ಕೆ ಬಾ. ಎಷ್ಟು ಅಂದ್ಕೊಂಡಿದ್ದೀಯ?

ಮೇಲ್ಮನೆ: 100 ಅಡಿ ರಸ್ತೆ ಷೋರೂಮಿನವರಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದೆ. ಹೊಸ ಮಾಡ್ಯುಲರ್ ಕಿಚನ್ನಿಗೆ ನಾಲ್ಕೂವರೆ ಲಕ್ಷ ಅಂದ್ರು.

ಕೆಳಮನೆ: ಮೇಲಿನ ಕಪಾಟಿಗೆ ನೀರು ಹಾರಿತೇ?

ಮೇಲ್ಮನೆ: ಇಲ್ಲ. ಕೆಳಗಿನ ಕಪಾಟು ಮಾತ್ರ ಉಬ್ಬಿದೆ. ಆದರೆ ಬಣ್ಣ ಹೊಂದಬೇಕಲ್ಲ ಅಂಕಲ್.

ಕೆಳಮನೆ: ಬಣ್ಣ ಹೊಂದಿಸೋಕೆ ಯಾರೂ ನಾಲ್ಕೂವರೆ ಲಕ್ಷ ಕೊಡಿಸಲ್ಲಮ್ಮ. ಅಂಥ ಒಂದು ಅಂಕಿ ನೋಡಿದರೆ ಉಳಿದ ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತೆ. ಬಡಗಿಯನ್ನ ಮನೆಗೆ ಕರೆಸಿ ಒಂದೊಂದಕ್ಕೂ ಬೇರೆ ಬೇರೆ ಬರೆಸು: ಕೆಳಗಿನ ಕಪಾಟಿನ ಪ್ಲೈ, ಬಾಗಿಲು, ಕೂಲಿ. ಹಾಲ್‌ನ ಮರದ ನೆಲಹಾಸು ಎಷ್ಟು ಚದರಡಿ ಎದ್ದಿದೆ, ಅಷ್ಟಕ್ಕೇ. ಕಿಚನ್ ಎಷ್ಟು ವರ್ಷದ್ದು?

ಮೇಲ್ಮನೆ: ಏಳು.

ಕೆಳಮನೆ: ಸವಕಳಿ ಕಳೀತಾರೆ. ಹಳೇದು ಹಾಳಾದರೆ ಹೊಸದರ ಬೆಲೆ ಪೂರ್ತಿ ಬರಲ್ಲ. ಮನೋವೇದನೆಗೆ, ಖರ್ಚಿಗೆ ಅಂತ ಒಂದಿಷ್ಟು ಹಾಕ್ತಾರೆ, ಅದನ್ನ ನಂಬಿ ಸಾಲ ಮಾಡಬೇಡ. ನಿನ್ನ ತೊಯ್ದ ಕಪಾಟಿನ ಬಾಗಿಲು ತೆರೆದಿಟ್ಟಿದ್ದೀಯಾ?

ಮೇಲ್ಮನೆ: ಇಲ್ಲ. ಎಲ್ಲಾ ಇದ್ದ ಹಾಗೇ ಇರಲಿ, ಕಂಪನಿಯವರು ನೋಡಲಿ ಅಂತ.

ಕೆಳಮನೆ: ವಿಡಿಯೋ ಮಾಡು, ಆಮೇಲೆ ತೆರೆದು ಫ್ಯಾನ್ ಹಾಕು. ನಷ್ಟ ಬೆಳೆಯೋಕೆ ಬಿಟ್ಟು ಬೆಳೆದದ್ದನ್ನೂ ಕೇಳೋ ಹಾಗಿಲ್ಲ. 1872ರ ಕರಾರು ಕಾಯ್ದೆ 73ನೇ ಕಲಮಿನ ವಿವರಣೆ ಅದು: ತೊಂದರೆ ತಗ್ಗಿಸೋಕೆ ಇದ್ದ ದಾರಿಯನ್ನೂ ಲೆಕ್ಕಕ್ಕೆ ತಗೋಬೇಕು. ಮೂರು ವಾರ ಬಿಟ್ಟು ಬೂಷ್ಟು ಹಿಡಿದರೆ ಆ ಬೂಷ್ಟು ನಿನ್ನದೇ. ಹಾಂ, ಹರಿದುಹೋದ ನೀರನ್ನೂ ಸೇರಿಸು.

ಮೇಲ್ಮನೆ: ನೀರನ್ನಾ?

ಕೆಳಮನೆ: ತಾರಸಿ ಟ್ಯಾಂಕು ಖಾಲಿಯಾಗಿದೆ, ಬೆಳಿಗ್ಗೆ ಟ್ಯಾಂಕರ್ ತರಿಸಿದರು. 2024ರ ಬರದ ಬೇಸಿಗೆಯಲ್ಲಿ ಜಿಲ್ಲಾಡಳಿತ ದರ ಕಟ್ಟಿತ್ತು, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಇವತ್ತು ಆ ದರಕ್ಕೆ ಯಾರು ಕೊಡ್ತಾರೋ ಕಾಣೆ. ರಸೀದಿ ಇದೆ, ಹಾಕು. ಸಣ್ಣ ಮೊತ್ತ, ಆದರೆ ಎಷ್ಟು ನೀರು ಹರಿಯಿತು ಅನ್ನೋದಕ್ಕೆ ಅದೇ ಸಾಕ್ಷಿ.

ಮೇಲ್ಮನೆ: ಮೂರು ಲಕ್ಷ ಆಗುತ್ತೆ ಅಂತಿಟ್ಟುಕೊಳ್ಳಿ. ಕೋರ್ಟ್ ಫೀ ಎಷ್ಟು?

ಕೆಳಮನೆ: ಏನೂ ಇಲ್ಲ. ಹಳೇ ಕಾಯ್ದೆಯಲ್ಲಿ ವಸ್ತುವಿನ ಬೆಲೆಗೆ ಕೇಳುವ ಪರಿಹಾರವನ್ನೂ ಸೇರಿಸಿ ಯಾವ ಆಯೋಗ ಅಂತ ನೋಡ್ತಿದ್ದರು. ಈಗ ವಸ್ತುವಿಗೆ, ಸೇವೆಗೆ ನೀನು ಕೊಟ್ಟ ಬೆಲೆ ಮಾತ್ರ ಲೆಕ್ಕ. ಅದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಿನ್ನದು ಹದಿನೇಳು ಸಾವಿರದ ಯಂತ್ರ. ಕಂಪನಿಯ ಕಚೇರಿ ದೇಶದ ಯಾವ ಮೂಲೆಯಲ್ಲಿದ್ದರೂ ನೀನು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು, 69ನೇ ಕಲಮು. ವಕೀಲರು ಬೇಕೇ ಬೇಕು ಅಂತೇನಿಲ್ಲ. ಗುಮಾಸ್ತ ಹೇಳೋ ಮಾತಲ್ಲ ಇದು, ಆದರೂ ಹೇಳ್ತೀನಿ. ಮೊದಲು 1915ಕ್ಕೆ ಫೋನ್ ಮಾಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೆಲವು ಸಲ ಅಲ್ಲಿಗೇ ಬಗ್ಗಿಬಿಡ್ತಾರೆ. ಬಗ್ಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು, ಆಮೇಲೆ ಇ-ಜಾಗೃತಿ ಪೋರ್ಟಲಿನಲ್ಲಿ ದೂರು. ಮೊದಲು ಇ-ದಾಖಿಲ್ ಇತ್ತು, 2025ರ ಜನವರಿಯಿಂದ ಇದು.

ಮೇಲ್ಮನೆ: ಎಷ್ಟು ತಿಂಗಳು?

ಕೆಳಮನೆ: ಕಾಯ್ದೆ ಹೇಳೋದು ನೋಟಿಸು ಮುಟ್ಟಿದ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು. ನಗಬೇಡ. ಒಂದು ಮಾತ್ರ ಗಟ್ಟಿ: ಎದುರುದಾರರ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಅದರಾಚೆ ಒಂದು ದಿನವೂ ಕೊಡೋಕಾಗಲ್ಲ ಅಂತ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅವರು ತಡ ಮಾಡಿದರೆ ಅದನ್ನ ಎತ್ತಿ ತೋರಿಸು. ಅಂದಹಾಗೆ ಈ ಮನೆ ಸಾಲದ್ದಲ್ವಾ?

ಮೇಲ್ಮನೆ: ಹೌದು, ಇನ್ನೂ ಹದಿಮೂರು ವರ್ಷ ಇದೆ.

ಕೆಳಮನೆ: ಬ್ಯಾಂಕಿನವರು ಸಾಲ ಕೊಡುವಾಗ ವಿಮೆ ಅಂತ ದುಡ್ಡು ಹಿಡಿದಿರ್ತಾರೆ. ಜನ ಮರೆತೇ ಬಿಡ್ತಾರೆ. ಇಮೇಲಿನಲ್ಲಿ 'ಭಾರತ್ ಗೃಹ ರಕ್ಷಾ' ಅಂತ ಹುಡುಕು.

ಮೇಲ್ಮನೆ: ...ಇದೆ ಅಂಕಲ್! ಪ್ರತಿ ವರ್ಷ ರಿನ್ಯೂ ಆಗಿದೆ.

ಕೆಳಮನೆ: 2021ರ ಏಪ್ರಿಲಿನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಲೇಬೇಕಾದ ಒಂದೇ ನಮೂನೆಯ ಪಾಲಿಸಿ ಅದು. ಬೆಂಕಿ, ಭೂಕಂಪದ ಜೊತೆಗೆ, ನೀರಿನ ಟ್ಯಾಂಕು, ಉಪಕರಣ, ಪೈಪು ಒಡೆದು ಅಥವಾ ತುಂಬಿ ಹರಿದು ಆಗುವ ನಷ್ಟವೂ ಸೇರಿದೆ. ಗೋಡೆಗೆ ಕೂರಿಸಿದ ಕಪಾಟು ಕಟ್ಟಡದ ಲೆಕ್ಕಕ್ಕೆ. ಬರೀ ಕಟ್ಟಡ ಸಾಕು ಅಂತ ನೀನು ಆರಿಸಿಕೊಂಡಿಲ್ಲದಿದ್ದರೆ ಒಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20, ಹೆಚ್ಚೆಂದರೆ 10 ಲಕ್ಷ, ತಾನಾಗೇ ಇರುತ್ತೆ. ಈಗಲೇ ತಿಳಿಸು, ಸರ್ವೇಯರ್ ಬರೋ ಮುಂಚೆ ಏನನ್ನೂ ಎಸೀಬೇಡ. ಒಡೆದ ಬೌಲ್ ಅವರಿಗೂ ಬೇಕು: ನಿನಗೆ ಕೊಟ್ಟ ಮೇಲೆ ನಿನ್ನ ಜಾಗದಲ್ಲಿ ನಿಂತು ತಯಾರಕರಿಂದ ವಸೂಲಿ ಮಾಡೋ ಹಕ್ಕು ಅವರದಾಗುತ್ತೆ. ಅದಕ್ಕೇ ಕಂಪನಿಯವರು ಐದು ಸಾವಿರ ಕೊಟ್ಟು 'ಪೂರ್ಣ ಮತ್ತು ಅಂತಿಮ' ಅಂತ ಸಹಿ ಕೇಳಿದರೆ ಹಾಕಬೇಡ, ವಿಮೆಯೂ ಕೆಡುತ್ತೆ. ಒಂದೇ ನಷ್ಟಕ್ಕೆ ಎರಡು ಕಡೆ ದುಡ್ಡು ತಗೊಳ್ಳೋ ಹಾಗಿಲ್ಲ, ಅದೂ ನೆನಪಿರಲಿ. ವಿಮೆ ಕೊಡದೆ ಉಳಿದದ್ದಕ್ಕೆ ಆಯೋಗ.

ಮೇಲ್ಮನೆ: ನಿಮ್ಮ ಸೀಲಿಂಗ್ ನನ್ನ ಪಾಲಿಸಿಯಲ್ಲಿ ಬರಲ್ಲ. ನಿಮಗೆ ಪಾಲಿಸಿ?

ಕೆಳಮನೆ: ಊರಿಗೆಲ್ಲಾ ಅರ್ಜಿ ಬರೆದುಕೊಟ್ಟವನು ನಾನು. ನನ್ನ ಮನೆಗೆ ವಿಮೆ ಮಾಡಿಸೋಕೆ ಪುರುಸೊತ್ತು ಎಲ್ಲಿತ್ತು? ಅದಕ್ಕೇ ನಿನಗೆ ಪತ್ರ. ಕನ್ನಡಕ ಸೀಲಿಂಗ್ ಕೆಳಗೆ ಸಿಕ್ಕಿ ಮುರಿದಿದೆ, ನೀನೇ ಟೈಪ್ ಮಾಡು.

ಮೇಲ್ಮನೆ: ನನಗೆ ನಾನೇ ನೋಟಿಸು ಬರ್ಕೋಬೇಕಾ?

ಕೆಳಮನೆ: ಸಹಿ ನಂದೇ. ಬರಿ: ಎರಡನೇ ಮಹಡಿಯ ಶ್ರೀಮತಿಯವರಿಗೆ. ತಮ್ಮ ಮನೆಯ ನೀರಿನ ಶುದ್ಧೀಕರಣ ಯಂತ್ರದ ಪ್ರೀ-ಫಿಲ್ಟರ್ ಒಡೆದು ನನ್ನ ಮನೆಗೆ ನೀರು ನುಗ್ಗಿ ಈ ಕೆಳಕಂಡ ನಷ್ಟವಾಗಿದೆ. ಒಂದು, ಮಲಗುವ ಕೋಣೆಯ ಜಿಪ್ಸಮ್ ಸೀಲಿಂಗು, ಚದರಡಿ ಲೆಕ್ಕ ನಾಳೆ ಅಳೆದು ಹಾಕೋಣ. ಎರಡು, ಹತ್ತಿ ಹಾಸಿಗೆ. ಮೂರು, ಕನ್ನಡಕ. ನಾಲ್ಕು, ಸೀಲಿಂಗ್ ಫ್ಯಾನು.

ಮೇಲ್ಮನೆ: ಅಂಕಲ್, ಆ ಫ್ಯಾನ್ ತಿರುಗಲ್ಲ ಅಂತ ಯುಗಾದಿ ಹೊತ್ತಿಗೇ ಆಂಟಿ ಹೇಳ್ತಿದ್ದರಲ್ಲ?

ಕೆಳಮನೆ: ಹೇಳಿದ್ದಳಾ ನಿನಗೂ? ಸರಿ, ಫ್ಯಾನು ಹೊಡೆದು ಹಾಕು. ಹಾಸಿಗೆಯ ಪಕ್ಕ 'ಹಳೆಯದು' ಅಂತಲೂ ಸೇರಿಸು.